ಮಾಚೇನಹಳ್ಳಿ ದಾಟಿದ ಮೇಲೆ ಅಂದ ಮಾತು

ಅಕ್ಕ, ಆ ದಿನ ಓಟದಲ್ಲಿ ಮಾಚೇನಹಳ್ಳಿ ದಾಟಿದ ಮೇಲೆ ನಿನ್ನ ಬೆನ್ನ ಹಿಂದಿನಿಂದ "ಮೆಲ್ಲ ಕಣ್ಣು, ಮೆಲ್ಲ. ಊರು ಸಿಗ್ಲಿ" ಅಂದವರು ಪೆರುಮಾಳ್ ಸಾರ್ ಅಲ್ಲ. ನಾನು.

ಬರೆದಾಯಿತು. ಇಷ್ಟು ಬರೆಯುವುದಕ್ಕೆ ಮೂರು ವರ್ಷ ಬೇಕಾಯಿತು ಅಂದರೆ ನೀನು ನಗುತ್ತೀಯ—ನಿನ್ನ ಓಟದ ವೇಗವೂ ಅಷ್ಟೇ ಅಲ್ಲವೇನೋ ಎನ್ನುತ್ತೀಯ. ನಗು. ಇದು ಮುಗಿಯುವ ಹೊತ್ತಿಗೆ ನಿನಗೆ ನಗು ಬರಲಿಕ್ಕಿಲ್ಲ, ಆದ್ದರಿಂದ ಈಗಲೇ ನಕ್ಕುಬಿಡು.

ಇದನ್ನು ಮೊದಲು ನಿನ್ನ ಕೈಗೇ ಕೊಡುತ್ತೇನೆ. ಆಮೇಲೆ ಯಾರು ಓದಿದರೂ ಓದಲಿ, ಓದಬೇಕು ಕೂಡ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಪೆರುಮಾಳ್ ಸಾರ್ ಭದ್ರಾವತಿ ನ್ಯೂಟೌನಿನವರು. ಅಪ್ಪ ಕಾರ್ಖಾನೆಯಲ್ಲಿದ್ದಾಗ ಅವರದೂ ಅದೇ ಶಿಫ್ಟು. ಅಲ್ಲಿನ ಮಕ್ಕಳಿಗೆ ಓಟ ಕಲಿಸುವುದು ಅವರ ಹುಚ್ಚು. ನಾವು ಶಿವಮೊಗ್ಗಕ್ಕೆ ಬಂದು ನವುಲೆಯಲ್ಲಿ ಮನೆ ಮಾಡಿದ ಮೇಲೂ ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಅವರ ಹತ್ತಿರ ಓಡಲು ಹೋಗುತ್ತಿದ್ದೆವು. ಅಂದರೆ—ನೀನು ಓಡಲು ಹೋಗುತ್ತಿದ್ದೆ. ನಾನು ನಿನ್ನ ಚೀಲ ಹಿಡಿಯಲು ಬರುತ್ತಿದ್ದೆ, ಮತ್ತು ಓಟ ಮುಗಿದ ಮೇಲೆ ಸಾರ್ ಕೊಡಿಸುತ್ತಿದ್ದ ಇಡ್ಲಿಗೆ. ಒಂದು ಭಾನುವಾರ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಯಿ ಇಷ್ಟು ಓಡುವಾಗ ಕಾಲು ಮಾತ್ರ ಯಾಕೆ ಸುಮ್ಮನಿರಬೇಕು ಎಂದು ಕೇಳಿದರು. ಹೀಗೆ ನಾನೂ ಓಟಗಾರನಾದೆ. ಬಾಯಿಯ ಶಿಫಾರಸಿನ ಮೇಲೆ.

ಸಾರ್‌ಗೆ ಇದ್ದದ್ದು ಒಂದೇ ಕಟ್ಟುನಿಟ್ಟು: ಓಡುವಾಗ ಹಿಂದೆ ತಿರುಗಬಾರದು. ಅವರು ತಮ್ಮ ಮೊಪೆಡ್ ಮೇಲೆ ನಮ್ಮ ಹಿಂದೆ ಬರುತ್ತಿದ್ದರು. ಮುಂದೆ ಹೋದರೆ ಅದರ ಹೊಗೆಯನ್ನೆಲ್ಲ ನಾವು ಕುಡಿಯಬೇಕಾಗುತ್ತದೆ ಅಂತ. ಹಿಂದಿನಿಂದಲೇ ಹೇಳುತ್ತಿದ್ದರು—ಭುಜ ಇಳಿಸು, ಉಸಿರು ಬಿಡು, ಈಗ ಮೆಲ್ಲ, ಈಗ ಎಳಿ. ತಲೆ ತಿರುಗಿಸದೆ ಕೇಳಬೇಕು, ಕೇಳಿದ ತಕ್ಷಣ ಮಾಡಬೇಕು. ತಿರುಗಿದವರಿಗೆ ಮೈದಾನದ ಸುತ್ತ ಒಂದು ಸುತ್ತು ಜಾಸ್ತಿ. ಆ ಮೈದಾನದಲ್ಲಿ ಹುಲ್ಲು ಬೆಳೆಯದಿರುವುದಕ್ಕೆ ನಾನೇ ಕಾರಣ ಇರಬೇಕು. ನೀನು? ಒಂದು ಸಲವೂ ತಿರುಗಲಿಲ್ಲ.

ನನ್ನ ಇನ್ನೊಂದು ಕಸುಬು ನಿನಗೆ ಗೊತ್ತೇ ಇದೆ. ಹಾಲಿನವನ ಜೊತೆ ಜಗಳ ಆಡುವ ಅಮ್ಮ, ಪಕ್ಕದ ಮನೆ ಶಾಂತಾ ಆಂಟಿ, ಶಿವಮೊಗ್ಗ–ಭದ್ರಾವತಿ ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಮಾತಾಡುವ ನಾನು—ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಉದ್ದದ ಓಟದಲ್ಲಿ ನಿನಗೆ ಬೇಜಾರಾದಾಗ ಒಬ್ಬೊಬ್ಬರನ್ನೇ ಕರೆತರುತ್ತಿದ್ದೆ. ತ್ಯಾವರೆಕೊಪ್ಪದ ಕಡೆ ಓಡಿದ ದಿನ, ಅಲ್ಲಿನ ಸಿಂಹ ಸಫಾರಿ ಹತ್ತಿರ ಬಂದಾಗ, ಹಿಂದಿನಿಂದ ಸಿಂಹದ ಹಾಗೆ ಗರ್ಜಿಸಿದೆ. ನೀನು ತಲೆಯನ್ನೂ ತಿರುಗಿಸದೆ, ಪಾಪ ಆ ಸಿಂಹಕ್ಕೆ ನೆಗಡಿಯಾಗಿದೆ, ಯಾರಾದರೂ ಕಷಾಯ ಕೊಡಿ ಅಂದೆ. ನನಗೆ ನಗು ತಡೆಯಲಾಗದೆ ರಸ್ತೆ ಬದಿಯಲ್ಲಿ ಕೂತೆ. ನೀನು ಓಡುತ್ತಲೇ ಹೋದೆ.

ಅದೇ ದಿನ ವಾಪಸ್ ಬರುವಾಗ ನೀನು ಅಂದೆ:

"ಯಾರನ್ನ ಬೇಕಾದ್ರೂ ಮಾಡು ಮಾರಾಯ, ಸಾರ್‌ನ ಮಾತ್ರ ಮಾಡ್ಬೇಡ. ನಾನ್ ಓಡೋದೇ ಆ ದನಿ ನಂಬ್ಕೊಂಡು."

ಮಾಡುವುದಿಲ್ಲ ಅಂದೆ. ನಿನ್ನ ಮುಂದೆ ಮಾಡಲೂ ಇಲ್ಲ. ಆದರೆ—ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಎಲ್ಲರೂ ಹಾಡುತ್ತಾರಲ್ಲ, ನಾನು ಅಲ್ಲಿ ಪೆರುಮಾಳ್ ಸಾರ್ ಆಗುತ್ತಿದ್ದೆ. ಆ ತಮಿಳು ಬೆರೆತ ಎಳೆತ, ಮಕ್ಕಳನ್ನು ಮುದ್ದಿನಿಂದ ‘ಕಣ್ಣು’ ಅಂತ ಕರೆಯುವಾಗ ಮೆತ್ತಗಾಗುವ ಗಂಟಲು, ಮಾತಿನ ಕೊನೆಗೆ ಒಂದು ಸಣ್ಣ ಕೆಮ್ಮು. ನಾನು ಅಷ್ಟು ಚೆನ್ನಾಗಿ ಇನ್ಯಾರನ್ನೂ ಮಾಡಿಲ್ಲ. ಪ್ರೀತಿ ಇದ್ದವರನ್ನು ಅಷ್ಟು ಗಮನಿಸುತ್ತೇವಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಓಟ ಏರ್ಪಾಡಾದಾಗ ನೀನು ತಿಂಗಳುಗಟ್ಟಲೆ ಅದನ್ನೇ ಉಸಿರಾಡಿದೆ. ಹೆಂಗಸರಲ್ಲಿ ಮೊದಲ ಇಬ್ಬರಿಗೆ ರಾಜ್ಯದ ಓಟಕ್ಕೆ ಹೋಗುವ ಜಿಲ್ಲಾ ತಂಡದಲ್ಲಿ ಜಾಗ. ಸಾರ್ ಲೆಕ್ಕಾಚಾರ ಹಾಕಿಕೊಟ್ಟಿದ್ದರು: ನಿನಗೆ ಚೆನ್ನಾಗಿ ಬಂದಂತೆ ಓಡು, ದಾರಿಯಲ್ಲಿ ಏನಾದರೂ ಬದಲಾಯಿಸಬೇಕಾದರೆ ಹಿಂದಿನಿಂದ ನಾನೇ ಹೇಳುತ್ತೇನೆ. ನನಗೂ ಒಂದು ಕೆಲಸ ಕೊಟ್ಟಿದ್ದರು—ಆದಷ್ಟು ದೂರ ಅಕ್ಕನ ಜೊತೆಗಿರು. ಅದನ್ನು ನಾನು ಕಾಲೇಜಿನ ಗೆಳೆಯರಿಗೆ ಹೇಳುವಾಗ ಸ್ವಲ್ಪ ತಿದ್ದಿ ಹೇಳಿದೆ. ಅಕ್ಕನನ್ನು ಭದ್ರಾವತಿಯವರೆಗೆ ಎಳೆದುಕೊಂಡು ಹೋಗುವವನೇ ನಾನು, ಮಾಚೇನಹಳ್ಳಿ ಆಚೆ ನಿಂತು ನೋಡಿ, ವಿಡಿಯೋ ಮಾಡಿ ಅಂದೆ.

ಓಟ ಶುರುವಾಗಿ ಸ್ವಲ್ಪ ಹೊತ್ತಿಗೇ ಪೊಲೀಸರು ಸಾರ್‌ನ ಮೊಪೆಡ್ ತಡೆದರು. ಓಟದವರ ಗಾಡಿ ಬಿಟ್ಟು ಬೇರೆ ಯಾವುದನ್ನೂ ಅವತ್ತು ಆ ರಸ್ತೆಯಲ್ಲಿ ಬಿಡುತ್ತಿರಲಿಲ್ಲ. ಇದು ನನಗೆ ಹೇಗೆ ಗೊತ್ತು? ನಾನು ತಿರುಗಿ ನೋಡಿದ್ದೆ, ಎಂದಿನ ಹಾಗೆ. ಸಾರ್ ಗಾಡಿ ನಿಲ್ಲಿಸಿ ಪೊಲೀಸಿನವರ ಹತ್ತಿರ ಏನೋ ಕೇಳಿಕೊಳ್ಳುತ್ತಿದ್ದರು. ನಿನಗೆ ಹೇಳಿದರೆ ಕಂಗಾಲಾಗುತ್ತೀಯ ಅಂದುಕೊಂಡು ಸುಮ್ಮನಾದೆ. ಇಲ್ಲಿಯವರೆಗೆ ನನ್ನದು ಏನೂ ತಪ್ಪಿಲ್ಲ ಅಂತ ಕಾಣುತ್ತದೆ. ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ—

ನಿದಿಗೆ ಊರು ಕಳೆದ ಮೇಲೆ ನೀನು ಮುಂದಾದೆ. ಜೋರು ಮಾಡಿದ ಹಾಗೂ ಕಾಣಲಿಲ್ಲ, ಸುಮ್ಮನೆ ಹಗುರಾಗಿ ಹೋಗುತ್ತಿದ್ದೆ, ನೀರಿನ ಮೇಲೆ ಬಿಟ್ಟ ಎಲೆಯ ಹಾಗೆ. ನೀನು ಅಷ್ಟು ಚೆಂದ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಿನ್ನ ಮುಂದೆ ಹೆಂಗಸರು ಯಾರೂ ಇರಲಿಲ್ಲ. ನನಗೆ ಪಕ್ಕೆ ಹಿಡಿದುಕೊಂಡಿತ್ತು. ಮಾಚೇನಹಳ್ಳಿ ಬಂತು, ಹೋಯಿತು. ದೂರದಲ್ಲಿ ರಸ್ತೆ ಬದಿಯಲ್ಲಿ ನನ್ನ ಗೆಳೆಯರು ಫೋನು ಎತ್ತಿ ಹಿಡಿದು ನಿಂತದ್ದು ಕಾಣಿಸಿತು. ಎಳೆದುಕೊಂಡು ಹೋಗುವವನು ಹಿಂದೆ, ಎಳೆಸಿಕೊಳ್ಳಬೇಕಾದವಳು ಕೂಗಿದರೆ ಕೇಳಿಸುವಷ್ಟು ಮುಂದೆ.

ನೀರು ಹಂಚುವವರ ಬೈಕೊಂದು ನನ್ನ ಪಕ್ಕದಲ್ಲೇ ಸದ್ದು ಮಾಡುತ್ತ ಸಾಗಿತ್ತು. ನಿನ್ನ ಕಿವಿಗೆ ಅದೇ ಮೊಪೆಡ್ ಆಗುತ್ತದೆ ಎಂದು ನನಗೆ ಹೊಳೆದದ್ದು ಯಾವ ಕ್ಷಣದಲ್ಲಿ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಾಯಿ ತೆರೆಯುವ ಮೊದಲೇ ಹೊಳೆದಿತ್ತು. ಅಷ್ಟಂತೂ ನಿಜ.

ಅಂದೆ. ಸಣ್ಣ ಕೆಮ್ಮನ್ನೂ ಸೇರಿಸಿದೆ.

ನೀನು ಒಂದು ಹೆಜ್ಜೆಯನ್ನೂ ಅನುಮಾನಿಸಲಿಲ್ಲ. ಭುಜ ಇಳಿಯಿತು, ಹೆಜ್ಜೆ ಸಣ್ಣದಾಯಿತು, ಮತ್ತು—ತಲೆ ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖ ಕಾಣುತ್ತಿತ್ತು. ನಾನು ಬಂದು ನಿನ್ನನ್ನು ಸೇರಿಕೊಂಡೆ. ಗೆಳೆಯರ ಮುಂದೆ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಹೋದೆವು. ನಾನು ಕೈ ಬೀಸಿದೆ, ಏನೋ ಮಂಗಾಟ ಮಾಡಿದೆ. ಆ ವಿಡಿಯೋ ಈಗಲೂ ಇದೆ. ಅದರಲ್ಲಿ ನೀನು ನನ್ನ ಕಡೆ ನೋಡಿ ನಗುತ್ತಿದ್ದೀಯ.

ಗೆಳೆಯರು ದಾಟಿದರೆ ಸಾಕಿತ್ತು ನನಗೆ. ಆಮೇಲೆ ‘ಎಳಿ’ ಅನ್ನುವುದೆಂದುಕೊಂಡಿದ್ದೆ. ಆದರೆ ನಿನ್ನ ಪಕ್ಕದಲ್ಲಿ ಓಡುತ್ತ ಹಿಂದಿನಿಂದ ದನಿ ಬರಿಸುವುದು ಹೇಗೆ? ಹಿಂದೆ ಉಳಿಯೋಣವೆಂದರೆ ಪಕ್ಕೆಯ ನೋವಿನಲ್ಲಿ ನನಗೆ ಉಸಿರೇ ಇರಲಿಲ್ಲ, ಸಾರ್‌ಗೆ ಎಲ್ಲಿಂದ ತರಲಿ? ಒಬ್ಬಳು ನಿನ್ನನ್ನು ದಾಟಿದಳು. ಸಾರ್ ‘ಎಳಿ’ ಅನ್ನಲಿ ಎಂದು ನೀನು ಕಾದೆ. ಇನ್ನೊಬ್ಬಳು ದಾಟಿದಳು. ಸಾರ್ ಏನಾದರೂ ಅಂದರಾ ಎಂದು ನೀನು ನನ್ನನ್ನೇ ಕೇಳಿದೆ. ನಾನು ಇಲ್ಲ ಎಂದು ತಲೆಯಾಡಿಸಿದೆ. ಭದ್ರಾವತಿಯ ಮನೆಗಳು ಕಾಣಿಸುವವರೆಗೂ ನೀನು ಹಿಡಿದುಕೊಂಡೇ ಇದ್ದೆ, ಆಮೇಲೆ ತಡೆಯಲಾರದೆ ನೀನಾಗಿಯೇ ವೇಗ ಹೆಚ್ಚಿಸಿದೆ. ಮುಂದಿದ್ದವಳ ಬೆನ್ನಿಗೆ ಕೈ ಚಾಚಿದರೆ ತಾಗುವಷ್ಟರಲ್ಲಿ ಓಟ ಮುಗಿಯಿತು. ನೀನು ಮೂರನೆಯವಳು.

ನಾನು ಬಂದು ಮುಟ್ಟುವ ಹೊತ್ತಿಗೆ ಸಾರ್ ನಿನ್ನ ಮುಂದೆ ಗ್ಲೂಕೋಸ್ ನೀರು ಹಿಡಿದು ನಿಂತಿದ್ದರು. ಮೊಪೆಡ್ಡನ್ನು ಶಿವಮೊಗ್ಗದಲ್ಲೇ ಬಿಟ್ಟು ಬಸ್ಸಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅವರ ಹತ್ತಿರ ಕಲಿಯುವ ಮಕ್ಕಳು, ಅವರ ಅಪ್ಪ ಅಮ್ಮಂದಿರು ಸುತ್ತ ಇದ್ದರು.

"ಮಾಚೇನಹಳ್ಳೀಲಿ ನೀನೇ ಮುಂದೆ ಇದ್ದೆ ಅಂದ್ರು. ನಡುವೆ ಯಾಕಮ್ಮ ಕೈಬಿಟ್ಟೆ?" ಅಂದರು.

"ನೀವೇ ಮೆಲ್ಲ ಅಂದ್ರಲ್ಲ ಸಾರ್."

"ನಾನಾ? ನಾನ್ ಹಿಂದೆ ಬರ್ಲೇ ಇಲ್ಲ ಕಣ್ಣು. ಗಾಡಿ ತಡೆದ್ಬಿಟ್ರು."

"ಹೇಳಿದ್ದನ್ನ ಇಲ್ಲ ಅನ್ಬೇಡಿ ಸಾರ್. ನಿಮ್ಮನ್ನ ನಂಬಿ ಸೋತೆ. ಅದ್ರ ಮೇಲೆ ಸುಳ್ಳು ಬೇರೆ ಹೇಳ್ಬೇಡಿ."

ಸಾರ್ ನನ್ನ ಕಡೆ ತಿರುಗಿದರು. ಕೋಪದಿಂದಲ್ಲ—ಇವನಾದರೂ ಹೇಳುತ್ತಾನೆ ಎಂಬ ಧೈರ್ಯದಿಂದ.

"ನೀನ್ ಜೊತೇಲೇ ಇದ್ಯಲ್ಲಪ್ಪ. ಹೇಳು."

"ನಂಗೆ ಸರಿಯಾಗಿ ಕೇಳಿಸ್ಲಿಲ್ಲ ಸಾರ್," ಅಂದೆ ನಾನು.

ಅಕ್ಕ, ಮಾಚೇನಹಳ್ಳಿಯಲ್ಲಿ ಅಂದದ್ದನ್ನು ಹುಡುಗಾಟ ಅನ್ನಬಹುದೇನೋ. ಇದನ್ನು ಅನ್ನಲಾಗುವುದಿಲ್ಲ. ಇದನ್ನು ನನ್ನ ಸ್ವಂತ ಬಾಯಿಂದ, ಅವರ ಮುಖ ನೋಡಿಕೊಂಡು ಅಂದೆ.

ನೀನು ಆ ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ. ಅಪ್ಪ ಎರಡು ಮೂರು ಸಲ ಸಮಾಧಾನ ಮಾಡಲು ನೋಡಿದರು. ನೀನು ಹಟ ಹಿಡಿದರೆ ಅಪ್ಪನದೇ ಪಡಿಯಚ್ಚು, ತಮ್ಮದೇ ಹಟದ ಜೊತೆ ಅವರಿಗೂ ಏಗಲಾಗಲಿಲ್ಲ. ನವುಲೆಯ ಕೃಷಿ ಕಾಲೇಜಿನ ರಸ್ತೆಗಳಲ್ಲಿ ನಾವಿಬ್ಬರೇ ಓಡತೊಡಗಿದೆವು. ಆ ಬೆಳಗುಗಳು ನನಗೆ ಎಷ್ಟು ಇಷ್ಟ ಎಂದು ಹೇಳಿದರೆ ಕೊಬ್ಬುತ್ತೀಯ. ನೀನು ಮುಂದೆ, ನಾನು ಶಾಂತಾ ಆಂಟಿಯಾಗಿ ಹಿಂದೆ ಗೊಣಗುತ್ತ. ಆ ಸುಖವನ್ನು ಕೂಡ ನಾನು ಸಾರ್‌ನಿಂದ ಕಸಿದುಕೊಂಡು ತಿನ್ನುತ್ತಿದ್ದೆ ಅನ್ನುವುದು ಗೊತ್ತಿದ್ದೇ ಓಡಿದೆ.

ಈಗ ಇಬ್ಬರೂ ಪೂರ್ತಿ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇವೆ. ಹೋದ ಶನಿವಾರ ಓಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ ನೀನು ಬಾಳೆಹಣ್ಣು ಮುರಿದು ದೊಡ್ಡ ತುಂಡನ್ನು ನನಗೆ ಕೊಟ್ಟೆ. ಎಂದೂ ಕೊಡದವಳು. ಕೊಟ್ಟು, ಶೂ ಬಿಚ್ಚುತ್ತ ಅಂದೆ: "ಓಟದಲ್ಲಿ ನಂಗೆ ಒಂದ್ ಸಲಾನೂ ಮೋಸ ಮಾಡ್ದೇ ಇರೋನು ಅಂದ್ರೆ ನೀನೊಬ್ನೇ ಕಣೋ."

ಎಲ್ಲದಕ್ಕೂ ಮರುಮಾತು ಇಟ್ಟುಕೊಂಡವನು ನಾನು. ಆ ಹೊತ್ತಿಗೆ ಕಂಡಕ್ಟರನ ದನಿಯಲ್ಲಿ ಏನೋ ಒದರಿ ನಿನ್ನನ್ನು ನಗಿಸಿದೆ.

ಮರುದಿನ, ಗೆಳೆಯನ ಮನೆಗೆ ಅಂತ ಹೇಳಿ, ಭದ್ರಾವತಿಗೆ ಹೋದೆ. ನಾನು ಆಗಾಗ ಹೋಗುತ್ತಿರುತ್ತೇನೆ, ನಿನಗೆ ಹೇಳಿಲ್ಲ. ಹೋದಾಗೆಲ್ಲ ಸಾರ್‌ನ ಅವರ ಮನೆಯಲ್ಲೇ ಕಾಣುತ್ತಿದ್ದೆ. ನಿನ್ನ ಮಂಡಿ ನೋವು ಹೇಗಿದೆ ಎಂದು ಕೇಳುತ್ತಾರೆ, ನಾನು ಪರವಾಗಿಲ್ಲ ಅನ್ನುತ್ತೇನೆ, ಎದ್ದು ಬರುತ್ತೇನೆ. ಈ ಸಲ ಮೈದಾನದ ಕಡೆ ಹೋದೆ. ಮಕ್ಕಳು ರಸ್ತೆಯಲ್ಲಿ ಓಡುತ್ತಿದ್ದರು. ಸಾರ್ ಅವರ ಹಿಂದೆ ಇರಲಿಲ್ಲ. ಮೊಪೆಡ್ ಮೇಲೆ ದೂರ ಮುಂದೆ ಹೋಗುವುದು, ಇಳಿಯುವುದು, ಮಕ್ಕಳು ಹತ್ತಿರ ಬರುವಾಗ ಎದುರಿಗೆ ನಿಂತು ಮುಖ ತೋರಿಸಿ ಹೇಳುವುದು, ಮತ್ತೆ ಹತ್ತಿ ಮುಂದೆ ಹೋಗುವುದು. ಆ ವಯಸ್ಸಿಗೆ ಎಷ್ಟು ಸಲ ಹತ್ತಿ ಇಳಿಯುತ್ತಾರೆ. ಹಿಂದಿನಿಂದ ಹೇಳುವುದನ್ನು ಯಾಕೆ ಬಿಟ್ಟಿರಿ ಸಾರ್ ಎಂದು ಕೇಳಿದೆ.

"ನನ್ ಬಾಯಿ ಮೇಲೆ ನಂಗೇ ನಂಬಿಕೆ ಹೋಗಿದೆ ಕಣಪ್ಪ," ಅಂದರು. "ಗಾಡಿ ತಡೆದಿದ್ದು ಬೇರೆ ಯಾವ್ದೋ ಓಟದಲ್ಲಿ ಇರ್ಬೇಕು. ಅವತ್ತು ನಾನ್ ಅಂದೇ ಇರ್ತೀನಿ, ಮರ್ತಿದೀನಿ. ನಿಮ್ಮಕ್ಕ ಸುಳ್ಳು ಹೇಳೋ ಹುಡುಗಿ ಅಲ್ಲ."

ನೀನು ಅವರನ್ನು ನಂಬದೆ ಹೋದೆ, ಅವರು ನಿನ್ನನ್ನು ನಂಬಿ ತಮ್ಮ ನೆನಪನ್ನೇ ಬಿಟ್ಟುಕೊಟ್ಟರು. ಇಬ್ಬರೂ ನನ್ನನ್ನು ಮಾತ್ರ ನಂಬಿಕೊಂಡಿದ್ದೀರಿ.

ಆಗಲೂ ಹೇಳಲಿಲ್ಲ. ಹೇಳಬೇಕೆಂದೇ ಹೋದವನು, ಇಡ್ಲಿ ತಿನ್ನು ಅಂದರು, ತಿಂದು ಬಸ್ಸು ಹತ್ತಿದೆ. ಇದನ್ನು ಬರೆಯುತ್ತಿರುವುದು ಅದಕ್ಕೇ. ನೀನು ಓದಿದ ಮೇಲೆ ನನಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಆ ರಾಜ್ಯದ ಓಟವನ್ನು ನಾನು ನಿನಗೆ ತಂದುಕೊಡಲಾರೆ. ಮ್ಯಾರಥಾನಿಗೆ ನೀನು ಒಬ್ಬಳೇ ಹೋಗುವುದಾದರೆ ಹೋಗು. ನಾನು ಕೊನೆಯವರ ಜೊತೆ ಕೊನೆಯಲ್ಲಿ ಬರುತ್ತೇನೆ. ಬೈಯುವುದಿದ್ದರೆ ಬೈ, ಅಮ್ಮನ ಎದುರೇ ಬೈ. ಮಾತು ಬಿಡುವುದಾದರೆ—ಅದನ್ನು ಯೋಚಿಸಲು ನನಗೆ ಧೈರ್ಯ ಸಾಲದು, ಆದರೆ ಬೇಡ ಅನ್ನುವ ಹಕ್ಕೂ ಇಲ್ಲ.

ಈ ಭಾನುವಾರ ಮೊದಲ ಬಸ್ಸಿಗೆ ಭದ್ರಾವತಿಗೆ ಹೋಗುತ್ತೇನೆ. ಸಾರ್‌ನ ಮನೆಗಲ್ಲ, ಮೈದಾನಕ್ಕೆ. ಅವರನ್ನು ಸುಳ್ಳುಗಾರ ಅಂದದ್ದು ಎಲ್ಲರ ಮುಂದೆ, ಹಾಗಾಗಿ ಇದೂ ಆ ಮಕ್ಕಳು, ಅವರ ಅಪ್ಪ ಅಮ್ಮಂದಿರು ಎಲ್ಲ ಇರುವಾಗಲೇ ಆಗಬೇಕು. ನಿನಗೆ ಅವರನ್ನು ನೋಡಬೇಕೆನಿಸಿದರೆ ಬಾ, ಬಸ್ಸಿನಲ್ಲಿ ನನ್ನ ಪಕ್ಕ ಕೂರಬೇಕೆಂದೇನಿಲ್ಲ. ನೀನು ಬಂದರೂ ಬರದಿದ್ದರೂ, ಅವರು ಗಾಡಿಯಿಂದ ಇಳಿದು ಎದುರಿಗೆ ನಿಂತಾಗ ನಾನು ಹೇಳುವುದು ಇಷ್ಟೇ: ಮೆಲ್ಲ ಅಂದಿದ್ದು ನಾನು. ನಿಮಗೆ ಮೊದ್ಲು ನೆನಪಿದ್ದಿದ್ದೇ ಸರಿ ಸಾರ್, ಅವತ್ತು ನೀವು ಅಲ್ಲಿ ಇರ್ಲೇ ಇಲ್ಲ.