ಒಂದೇ ನಂಬರಿನ ಇಬ್ಬರು

ಬಸವೇಶನಿಗೆ ತನ್ನ ಬುದ್ಧಿಯ ಮೇಲಿದ್ದಷ್ಟು ನಂಬಿಕೆ ತನ್ನ ಬೈಕಿನ ಬ್ರೇಕಿನ ಮೇಲೂ ಇರಲಿಲ್ಲ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಕೊಪ್ಪದ ಸಣ್ಣ ಸಂಸ್ಥೆಯೊಂದರಲ್ಲಿ ಅವನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದೂ ಅದೇ ಹುದ್ದೆಗೆ ಸೇರಿತ್ತು. ಎನ್.ಆರ್. ಪುರದ ಮನೆಯಲ್ಲಿ ಮಾತ್ರ ಅವನು ಎಂಜಿನಿಯರ್. ಆ ತಪ್ಪನ್ನು ತಿದ್ದುವ ಅಗತ್ಯ ಅವನಿಗೆಂದೂ ಕಂಡಿರಲಿಲ್ಲ.

ಹೋದ ವರ್ಷ ಅವನು ರೋಗಿಗಳ ರಿಜಿಸ್ಟರನ್ನೆಲ್ಲ ಕ್ಲೌಡಿಗೆ ಏರಿಸಿದ. ಒಬ್ಬರಿಗೊಂದು ದಾಖಲೆ. ನರ್ಸ್ ಅಪೇಕ್ಷಾ ಫೋನಿನಲ್ಲಿ ಫಾರಂ ತುಂಬಿದರೆ ಸಾಕು, ಯಾರೂ ಮುಟ್ಟದೆ ದಾಖಲೆ ಬದಲಾಗುತ್ತಿತ್ತು, ಮುಂದಿನ ಭೇಟಿಯ ಪಟ್ಟಿ ತಯಾರಾಗುತ್ತಿತ್ತು. ಯಾರಾದರೂ ತೀರಿಕೊಂಡರೆ ಮನೆಯವರಿಗೆ ಸಂತಾಪದ ಮೆಸೇಜೂ ತಾನಾಗಿ ಹೋಗುತ್ತಿತ್ತು. ದಾಖಲೆ ಯಾರದೆಂದು ಗುರುತಿಸಲು ಬಸವೇಶ ಆರಿಸಿಕೊಂಡದ್ದು ಫೋನ್ ನಂಬರನ್ನು. ಹೆಸರು ಊರಿಗೆ ಹತ್ತು ಜನಕ್ಕಿರುತ್ತದೆ, ನಂಬರ್ ಒಬ್ಬರಿಗೇ ಎಂದು ಮೀಟಿಂಗಿನಲ್ಲಿ ಪೆನ್ನು ತಿರುಗಿಸುತ್ತ ಹೇಳಿದ್ದ.

ನೆಮ್ಮಾರಿನ ಒಳಗಿನ ಮನೆಗಳಿಗೆ ಸಿಗ್ನಲ್ ಇಲ್ಲ, ಅವರೆಲ್ಲ ಏರಿನ ಮೇಲಿರುವ ಷಡಕ್ಷರಿಯ ಅಂಗಡಿಯ ನಂಬರನ್ನೇ ಕೊಡುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿರುವ ಅವನ ಸೋದರತ್ತೆಯೂ ಪಕ್ಕದ ಮನೆಯ ನಂಬರ್ ಕೊಡುವವಳೇ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಅದು ನೆನಪಾಗಲಿಲ್ಲ.

ಮಾಘದಲ್ಲಿ ನೆಮ್ಮಾರಿನ ವೀರಪ್ಪ ತೀರಿಕೊಂಡರು. ಅಪೇಕ್ಷಾ ಫಾರಂ ತುಂಬಿ, ಮರುದಿನದಿಂದ ತನ್ನ ಮದುವೆಗೆಂದು ಒಂದು ತಿಂಗಳು ರಜೆ ಹೋದಳು. ಬಸವೇಶನ ಏರ್ಪಾಡು ಫಾರಂನಲ್ಲಿದ್ದ ಅಂಗಡಿಯ ನಂಬರನ್ನು ಹುಡುಕಿತು, ಎರಡು ದಾಖಲೆ ಸಿಕ್ಕಿದವು, ಎರಡನ್ನೂ ಮುಚ್ಚಿತು. ಎರಡನೆಯದು ಕೆಳಗಿನ ಮನೆಯ ದಾಕ್ಷಾಯಿಣಮ್ಮನದು. ಹೊಟ್ಟೆಯ ಕ್ಯಾನ್ಸರ್. ಹದಿನೈದು ದಿನಕ್ಕೊಮ್ಮೆ ಅಪೇಕ್ಷಾ ತಂದುಕೊಡುವ ನೋವಿನ ಮಾತ್ರೆ ಇದ್ದರೆ ಅವರಿಗೆ ನಿದ್ದೆ, ಇಲ್ಲದಿದ್ದರೆ ಇಲ್ಲ. ಪರದೆಯ ಮೇಲೆ ಹಸಿರು ಗುರುತು ಬಿತ್ತು. ಬಸವೇಶ ಟೀ ಕುಡಿಯಲು ಹೋದ.

ಬದಲಿ ನರ್ಸ್ ಪಟ್ಟಿಯಲ್ಲಿದ್ದ ಮನೆಗಳಿಗಷ್ಟೇ ಹೋದಳು. ತಿಂಗಳ ಮೇಲೆ ಕರಿಮಣಿ ಹಾಕಿಕೊಂಡು ಬಂದ ಅಪೇಕ್ಷಾ ಪಟ್ಟಿ ನೋಡಿ, ದಾಕ್ಷಾಯಿಣಮ್ಮ ಯಾವಾಗ ಹೋದರು ಎಂದು ಕೇಳಿದಳು. ಬಸವೇಶ ದಾಖಲೆ ತೆಗೆದ. ಅದು ಮುಚ್ಚಿದ್ದು ವೀರಪ್ಪನವರ ದಾಖಲೆ ಮುಚ್ಚಿದ ದಿನವೇ, ಅದೇ ನಿಮಿಷ.

ಅರ್ಧ ಗಂಟೆಯಲ್ಲಿ ಇಬ್ಬರೂ ಮಾತ್ರೆ ಹಿಡಿದು ಹೊರಟರು. ಏರಿನಲ್ಲಿ ಷಡಕ್ಷರಿ ಸಿಕ್ಕ. ಸಂತಾಪದ ಮೆಸೇಜು ಎರಡು ಬಂದಿದ್ದವಂತೆ.

"ಬದುಕಿರೋರ ಹೆಸ್ರಲ್ಲಿ ಹಂಗೆ ಬಂದ್ರೆ ಅದನ್ನ ಅವ್ರಿಗೇ ಹೋಗಿ ಓದಿ ಹೇಳ್ಳಿಕ್ಕೆ ಆಗ್ತದಾ ಮಾರಾಯ? ಅಳಿಸಿ ಹಾಕ್ದೆ. ಅವ್ರ ಹೆಸ್ರಲ್ಲಿ ಒಂದು ಕಾಯಿ ಒಡೆಸಿದೆ."

ಬಸವೇಶ ಮಾಡಿದ ತಪ್ಪಿಗೆ ಅವನು ಕಾಯನ್ನಾದರೂ ಒಡೆಸಿದ್ದ.

ದಾಕ್ಷಾಯಿಣಮ್ಮ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದರು. ಮಂಚದ ಮರದ ಪಟ್ಟಿಯ ಮೇಲೆ ಅವರು ಹಲ್ಲಿನಿಂದ ಕಚ್ಚಿದ ಗುರುತುಗಳಿದ್ದವು. ಮಗಳು ಅಂಗಡಿಗೆ ಹೋಗಿ ಅಪೇಕ್ಷಾಗೆ ಫೋನ್ ಮಾಡುತ್ತೇನೆಂದಾಗಲೆಲ್ಲ ಅವರೇ ತಡೆದಿದ್ದರಂತೆ. ಮದುವೆಯ ಹುಡುಗಿಯ ಕಿವಿಗೆ ನರಳಾಟ ಬೀಳಬಾರದು, ಅವಳು ಬಂದೇ ಬರುತ್ತಾಳೆ ಎಂದು.

ಅಪೇಕ್ಷಾ ಮಾತ್ರೆ ಕೊಟ್ಟು, ಮುಖ ತಿರುಗಿಸಿ ನೀರಿನ ಲೋಟ ತೊಳೆಯುತ್ತ ನಿಂತಳು. ಬಸವೇಶ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಸಾಫ್ಟ್‌ವೇರಿನ ಹೆಸರು ನಾಲ್ಕು ಸಲ ಬರುತ್ತಿತ್ತು. ಅದನ್ನೆಲ್ಲ ಬಿಟ್ಟು, ನಾನೇ ನಿಮ್ಮನ್ನು ಸತ್ತವರೆಂದು ಬರೆದುಬಿಟ್ಟೆ ಎಂದ.

ದಾಕ್ಷಾಯಿಣಮ್ಮ ಅವನ ಕಡೆ ಹೊರಳಿದರು.

"ಸತ್ತಿದ್ರೆ ಇಷ್ಟು ನೋವು ಎಂತಕ್ಕೆ ಇರ್ತಿತ್ತು ಮಾರಾಯ," ಎಂದರು.

ತಿದ್ದಲು ಅಲ್ಲಿ ಸಿಗ್ನಲ್ ಇರಲಿಲ್ಲ. ಏರು ಹತ್ತಿ ಅಂಗಡಿಯ ಕಟ್ಟೆಯಲ್ಲಿ ಕೂತು ಬಸವೇಶ ಒಬ್ಬೊಬ್ಬರಿಗೂ ಬೇರೆ ಗುರುತು ಕೊಟ್ಟ. ಸಾವು ಎಂದು ಬಂದರೆ ತನ್ನನ್ನು ಕೇಳದೆ ಯಾವ ದಾಖಲೆಯೂ ಮುಚ್ಚದಂತೆ ಮಾಡಿದ. ದಾಕ್ಷಾಯಿಣಮ್ಮನ ಹೋದ ತಿಂಗಳಿನ ಭೇಟಿಯ ಅಂಕಣಗಳು ಖಾಲಿಯೇ ಉಳಿದವು.

ಚೈತ್ರದ ಕೊನೆಗೆ ಒಂದು ಬೆಳಿಗ್ಗೆ ಅವನ ಪರದೆಯಲ್ಲಿ ದಾಕ್ಷಾಯಿಣಮ್ಮನ ಹೆಸರು ಬಂತು. ಮುಚ್ಚಲೇ ಎಂದು ಕೇಳುತ್ತಿತ್ತು. ಫಾರಂ ತುಂಬಿದ್ದು ಅಪೇಕ್ಷಾಳೇ. ಆದರೂ ಅವನು ಷಡಕ್ಷರಿಗೆ ಫೋನ್ ಮಾಡಿದ.

ದಾಕ್ಷಾಯಿಣಮ್ಮ ಹೋದದ್ದು ನಿಜವೇ ಎಂದು ಕೇಳಿದ.

"ಹೌದು ಮಾರಾಯ," ಎಂದ ಷಡಕ್ಷರಿ. "ಈ ಸಲ ಹೌದು."