ಸುಶಮೀಂದ್ರನ ಪೆನ್ಸಿಲು

ಸುಶಮೀಂದ್ರ ಹೇಡಿ. ನನ್ನ ದೊಡ್ಡಪ್ಪನ ಮೊಮ್ಮಗನಾದ್ದರಿಂದ ಇದನ್ನು ಸ್ವಲ್ಪ ಮೆತ್ತಗೆ ಹೇಳಬೇಕೆಂದು ಮನೆಯವರ ಅಭಿಪ್ರಾಯ. ಮೆತ್ತಗೆ ಹೇಳಿದರೆ ಹೇಡಿತನವೇನೂ ಕಡಿಮೆಯಾಗುವುದಿಲ್ಲ. ಅವನು ಕಳ್ಳನಲ್ಲ, ಸೋಮಾರಿಯಲ್ಲ, ಲಂಚ ಮುಟ್ಟಿದವನಲ್ಲ. ಐವತ್ತೇಳು ವರ್ಷ ಯಾವುದಕ್ಕೂ ಹೊಣೆಯಾಗದೆ ಬದುಕಿದವನು, ಅಷ್ಟೆ.

ಚೆನ್ನೈನ ಟಿ. ನಗರದ ಹಿಂಬೀದಿಯಲ್ಲಿರುವ ಒಂದು ಧರ್ಮಾಸ್ಪತ್ರೆಗೆ ಅವನು ಆಡಳಿತಾಧಿಕಾರಿ. ಅವನ ಮೇಜಿನ ಮೇಲೆ ಒಂದು ಪೆನ್ನು, ಒಂದು ಪೆನ್ಸಿಲು, ಒಂದು ರಬ್ಬರು. ಯಾವ ಫೈಲು ಬಂದರೂ ಮೊದಲು ಪೆನ್ಸಿಲಿನಲ್ಲಿ ಸಣ್ಣ ಸಹಿ. ಮೇಲಿನವರು ಮಸಿಯಲ್ಲಿ ಸಹಿ ಹಾಕಿ ಕಳಿಸಿದರೆ, ತನ್ನ ಪೆನ್ಸಿಲಿನ ಗೆರೆಯ ಮೇಲೆಯೇ ಪೆನ್ನು ಆಡಿಸುತ್ತಾನೆ. ಮೇಲಿನವರು ಒಪ್ಪದಿದ್ದರೆ ರಬ್ಬರು. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಒಂದೂ ತಪ್ಪು ನಿರ್ಧಾರವಿಲ್ಲ ಎಂದು ಅವನನ್ನು ಹೊಗಳುವುದುಂಟು. ನಿಜ. ರಬ್ಬರು ಸಾಕ್ಷಿ ಹೇಳುವುದಿಲ್ಲ. ಮನೆಯ ಫೋನ್ ನಂಬರನ್ನು ಆಸ್ಪತ್ರೆಯಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಐದೂವರೆಗೆ ಗೇಟು ದಾಟಿದರೆ ಆಸ್ಪತ್ರೆ ಹೊತ್ತಿ ಉರಿದರೂ ಅದು ಮರುದಿನದ ಸಮಾಚಾರ.

ರೋಗಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಆ ಆಸ್ಪತ್ರೆಯ ದಾಖಲೆ ಸಮಿತಿಯಲ್ಲಿದ್ದೆ. ೨೦೦೬ರ ಜನವರಿಯಲ್ಲಿ ಸಮಿತಿಯ ಮುಂದೆ ಒಂದು ಪ್ರಶ್ನೆ ಬಂತು. ಹದಿನೆಂಟು ವರ್ಷದಲ್ಲಿ ರೋಗಿಗಳಿಗೆ ಬರೆದುಕೊಟ್ಟ ಡಿಸ್ಚಾರ್ಜ್ ವರದಿಗಳನ್ನು, ಒಂದು ಲಕ್ಷ ಮೂವತ್ತು ಸಾವಿರವನ್ನು, ಟೈಪು ಮಾಡಿಸಿ ಕಂಪ್ಯೂಟರಿಗೆ ತುಂಬಿಯಾಗಿತ್ತು. ತುಂಬಿದ್ದನ್ನು ಹುಡುಕುವುದು ಹೇಗೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಅಲ್ಲಿಯವರೆಗೆ ಹುಡುಕುತ್ತಿದ್ದದ್ದು ದಾಖಲೆ ಕೋಣೆಯ ಜಯಲಕ್ಷ್ಮೀ. ಮೈಸೂರು ಕಡೆಯ ರೈಲ್ವೆ ನೌಕರರೊಬ್ಬರ ಮಗಳು; ಮುಖ ನೋಡಿದರೆ ಸಾಕು, ರೋಗಿಯ ಚರಿತ್ರೆ ಹೇಳುತ್ತಿದ್ದಳು. ಮಾರ್ಚ್ ಮೂವತ್ತೊಂದಕ್ಕೆ ಆಕೆಗೆ ನಿವೃತ್ತಿ.

ಹುಡುಕುವ ತಂತ್ರಾಂಶ ಎರಡು ಬಗೆಯದು ಸಿಗುತ್ತಿತ್ತು. ಒಂದು ಕಂಪನಿಯದು: ಬೀಗ ಹಾಕಿದ ಪೆಟ್ಟಿಗೆ, ಒಳಗೇನಿದೆಯೆಂದು ಕೇಳುವಂತಿಲ್ಲ, ವರ್ಷ ವರ್ಷ ಲೈಸೆನ್ಸು. ಇನ್ನೊಂದು ಓಪನ್ ಸೋರ್ಸ್: ಯಾರು ಬೇಕಾದರೂ ತೆಗೆದುಕೊಂಡು, ಬಿಚ್ಚಿ ನೋಡಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ರಂಜನಿ (ವಿಭಾಗವೆಂದರೆ ಅವಳೊಬ್ಬಳೇ) ಎರಡನೆಯದನ್ನು ತಾನೇ ಜೋಡಿಸಿ ಇಟ್ಟುಕೊಂಡಿದ್ದಳು.

ಫೆಬ್ರವರಿಯಲ್ಲಿ ಎರಡಕ್ಕೂ ಪರೀಕ್ಷೆ ಇಟ್ಟೆವು. ಕಂಪನಿಯಿಂದ ಸುರೇಶ್ ಎಂಬ ಟೈ ಕಟ್ಟಿದ ಗೃಹಸ್ಥ ಬಂದಿದ್ದ. ಜಯಲಕ್ಷ್ಮೀ ಆ ವಾರ ತಾನು ಮುಖ ಕಂಡ ಹತ್ತು ಹಳೆಯ ರೋಗಿಗಳ ಪಟ್ಟಿ ಮಾಡಿ ತಂದಿದ್ದಳು. ಕಂಪನಿಯ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಏಳು ಜನರನ್ನು ಹುಡುಕಿ, ಬಣ್ಣದ ಅಕ್ಷರದಲ್ಲಿ ತೋರಿಸಿತು. ಮೂವರು ಸಿಗಲಿಲ್ಲ. ರಂಜನಿಯ ಪರದೆ ಕೊಳಕು ಬೂದು ಬಣ್ಣದ್ದು, ತೆವಳಿಕೊಂಡು ಕೆಲಸ ಮಾಡಿತು. ಆದರೆ ಹತ್ತರಲ್ಲಿ ಒಂಬತ್ತು ತಂದಿತು.

"ಉಳಿದ ಮೂರು ಎಲ್ಲಿ ಹೋಯಿತು?" ಎಂದು ಸುರೇಶನನ್ನು ಕೇಳಿದೆ.

"ಲೈಸೆನ್ಸು ಐವತ್ತು ಸಾವಿರ ವರದಿಗೆ, ಮೇಡಂ. ಹೊಸ ಐವತ್ತು ಸಾವಿರ ಒಳಗಿರುತ್ತೆ. ಹಳೇದು ತಾನಾಗಿ ಹೊರಗೆ ಹೋಗುತ್ತೆ. ಹಳೇ ಕಾಯಿಲೆ ಯಾರಿಗೆ ಬೇಕು ಮೇಡಂ?" ಎಂದ ತಮಿಳಿನಲ್ಲಿ, ನಗುತ್ತ. ಹೆಚ್ಚಿನ ಲೈಸೆನ್ಸಿಗೆ ಟ್ರಸ್ಟಿಗಳು ಮೊದಲೇ ತಲೆಯಾಡಿಸಿ ಬಿಟ್ಟಿದ್ದರು, ಅಡ್ಡಡ್ಡ.

ಜಯಲಕ್ಷ್ಮೀ ನಗಲಿಲ್ಲ. "ಆ ಮೂವರಲ್ಲಿ ಒಬ್ಬರು ಕೋಯಂಬೇಡಿನ ಬಾಳೆಲೆ ವ್ಯಾಪಾರಿ, ಸಾರ್. ತೊಂಬತ್ತೊಂದರಲ್ಲಿ ಪೆನಿಸಿಲಿನ್ ಹಾಕಿ ಪ್ರಾಣವೇ ಹೋಗ್ತಿತ್ತು. ಈಗ ಕಾಲಿನ ಹುಣ್ಣಿಗೆ ಬರ್ತಾರೆ. ಕೇಳಿದ್ರೆ 'ಏನೋ ಸೂಜಿ' ಅಂತಾರೆ, ಅಷ್ಟೇ. ಅವರು ಬಂದಾಗಲೆಲ್ಲ ನಾನೇ ಮೆಟ್ಟಿಲು ಹತ್ತಿ ಡಾಕ್ಟರಿಗೆ ಹೇಳಿ ಬರ್ತೀನಿ."

"ಹಾಗಾದ್ರೆ ಅಂಥವರದೊಂದು ಪಟ್ಟಿ ಬರೆದುಕೊಟ್ಟು ಹೋಗಿ," ಎಂದ ಸುಶಮೀಂದ್ರ.

"ಕೂತ್ಕೊಂಡು ಯೋಚಿಸಿದ್ರೆ ಎಲ್ಲಿ ನೆನಪಾಗುತ್ತೆ, ಸಾರ್? ಮುಖ ಕಂಡ್ರೆ ನೆನಪಾಗುತ್ತೆ. ಏಪ್ರಿಲ್ ಒಂದರಿಂದ ಮೆಟ್ಟಿಲು ಯಾರು ಹತ್ತೋದು, ಅದು ಹೇಳಿ."

ಅವನು ರಂಜನಿಯ ಕಡೆ ತಿರುಗಿದ. "ನಿಂದು ಕೆಟ್ಟು ನಿಂತ್ರೆ ಯಾರಿಗಮ್ಮ ಫೋನ್ ಮಾಡೋದು?"

"ಇಂಟರ್ನೆಟ್ಟಲ್ಲಿ ಕೇಳ್ಬೇಕು ಅಂಕಲ್. ಯಾರಾದ್ರೂ ಆನ್ಸರ್ ಮಾಡ್ತಾರೆ."

"ಯಾರಾದ್ರೂ ಅಂದ್ರೆ ಯಾರು? ಹೆಸರೇನು? ಯಾವೂರು?"

"ತೆರಿಯಾದು ಅಂಕಲ್. ಒಂದು ಸಲ ಜರ್ಮನಿಯವನು ಹೇಳಿಕೊಟ್ಟ. ಬಹಳ ಒಳ್ಳೆಯವನು."

"ಗೊತ್ತಿಲ್ಲದ ಜರ್ಮನಿಯವನ ಒಳ್ಳೆಯತನದ ಮೇಲೆ ಆಸ್ಪತ್ರೆ ನಡೆಸೋಣ ಅಂತೀಯಾ?" ಎಂದು ನಮ್ಮ ಕಡೆ ನೋಡಿದ. "ಅತ್ತೆ, ಕಂಪನಿಯವರಿಗಾದ್ರೆ ಒಂದು ಅಡ್ರೆಸ್ಸಿದೆ. ನಾಳೆ ಏನಾದ್ರೂ ಆದ್ರೆ ಕಾಗದ ಬರೀಬಹುದು."

"ಕಾಗದ ಬರೆಯೋ ಹೊತ್ತಿಗೆ ಬಾಳೆಲೆಯವರು ಇರ್ತಾರೇನೋ, ಶಮಿ?" ಎಂದೆ.

"ಅದು ವೈದ್ಯಕೀಯ ಪ್ರಶ್ನೆ, ಅತ್ತೆ. ನನ್ನ ವಿಭಾಗ ಅಲ್ಲ." ಫೈಲಿನ ಮೂಲೆಯಲ್ಲಿ ಪೆನ್ಸಿಲಿನ ಸಹಿ ಹಾಕಿ, ಅಭಿಪ್ರಾಯಕ್ಕಾಗಿ ಎಲ್ಲರಿಗೂ ಕಳಿಸಿದ.

ಮುಂದಿನ ವಾರ ಅವನ ಹೆಂಡತಿ ಶ್ರೀವಿದ್ಯಾ ಫೋನಿನಲ್ಲಿ ನಗು ತಡೆದುಕೊಂಡು ಹೇಳಿದಳು: "ಅತ್ತೆ, ಗುರುವಾರ ರಾಯರ ಮುಂದೆ ಚೀಟಿ ಹಾಕಿದ್ರು. ಕಂಪನಿಯದೊಂದು, ಓಪನ್ನಿನದೊಂದು. ನನ್ನನ್ನೇ ಎತ್ತು ಅಂದ್ರು. ನೋಡಿದ್ರೆ ಮೂರು ಚೀಟಿ!"

"ಮೂರನೆಯದು ಯಾವುದು?"

"'ಮುಂದಿನ ಗುರುವಾರ' ಅಂತ. ಅದೇ ಬಂತು."

ರಾಯರಿಗೂ ಅವನ ಸ್ವಭಾವ ಗೊತ್ತು ಎಂದುಕೊಂಡೆ. ನಮ್ಮ ಮನೆತನದಲ್ಲಿ ಹೆಣ್ಣು ಗೊತ್ತುಮಾಡುವಾಗ, ಮನೆ ಕೊಳ್ಳುವಾಗ ಚೀಟಿ ಹಾಕುವುದು ಹಳೆಯ ಪದ್ಧತಿ. ಆದರೆ ದೇವರಿಗೂ ವಾಯಿದೆ ಕೇಳುವ ಸೌಲಭ್ಯ ಕಲ್ಪಿಸಿದವನು ಇವನೊಬ್ಬನೇ.

ಮಾರ್ಚ್ ಎರಡನೆಯ ವಾರದ ಹೊತ್ತಿಗೆ ಫೈಲು ಸುತ್ತು ಮುಗಿಸಿ ಅವನ ಮೇಜಿಗೆ ವಾಪಸಾಯಿತು. ಮುಖ್ಯ ವೈದ್ಯರು ಬರೆದಿದ್ದರು: 'ಇದು ಆಡಳಿತದ ವಿಷಯ.' ಟ್ರಸ್ಟಿಗಳು: 'ಆಡಳಿತಾಧಿಕಾರಿ ಯುಕ್ತವೆಂದು ಕಂಡಂತೆ ಮಾಡಲಿ.' ದಾಖಲೆ ಸಮಿತಿಯ ಪರವಾಗಿ ಬರೆದವಳು ನಾನು: 'ಕಂಪ್ಯೂಟರ್ ನಮಗೆ ಸಂಬಂಧಿಸಿದ್ದಲ್ಲ.' ವಾಕ್ಯ ಚೊಕ್ಕವಾಗಿದೆ ಎಂದು ಆಗ ಅನಿಸಿತ್ತು. ಎಲ್ಲರೂ ಮಸಿಯಲ್ಲೇ ಬರೆದಿದ್ದೆವು. ಹೊಣೆ ಹೊರದಿರುವುದಕ್ಕೆ ಮಸಿ ಧಾರಾಳವಾಗಿಯೇ ಸಿಗುತ್ತದೆ. ಅವನ ಮೇಲೆ ಯಾರೂ ಉಳಿದಿರಲಿಲ್ಲ.

ಅವನು ಕಂಪನಿಯದನ್ನೇ ಕೊಳ್ಳುತ್ತಾನೆ, ಅಡ್ರೆಸ್ಸು ಇದೆಯಲ್ಲ, ಎಂದು ನಾನು ನಿಶ್ಚಯ ಮಾಡಿಕೊಂಡೆ. ಹಾಗೆಂದು ರಂಜನಿಗೂ ಹೇಳಿದೆ. ಅವಳು ತನ್ನ ಬೂದು ಪರದೆಯನ್ನು ಆರಿಸಲಿಲ್ಲ. ಟೈಪಿಸ್ಟರ ತಪ್ಪಿನಿಂದ ತಪ್ಪಿಸಿಕೊಂಡಿದ್ದ ಆ ಹತ್ತನೆಯ ರೋಗಿಯನ್ನು ಹುಡುಕುತ್ತ ಕುಳಿತಳು.

ಜಯಲಕ್ಷ್ಮಿಗೆ ಶಾಲು, ಹಣ್ಣು, ಭಾಷಣ ಎಲ್ಲ ಆಯಿತು. ಸುಶಮೀಂದ್ರನ ಭಾಷಣದಲ್ಲಿ ಆಕ್ಷೇಪಿಸಬಹುದಾದ ಮಾತು ಒಂದೂ ಇರಲಿಲ್ಲ.

ಏಪ್ರಿಲಿನಲ್ಲಿ ಸಮಿತಿಯ ಕೆಲಸಕ್ಕೆಂದು ದಾಖಲೆ ಕೋಣೆಗೆ ಹೋದೆ. ಆಕೆಯ ಕುರ್ಚಿಯಲ್ಲಿ ಹೊಸಬಳಾದ ಸುಮತಿ ಕುಳಿತಿದ್ದಳು. ಎದುರಿಗೆ ಕೊಳಕು ಬೂದು ಪರದೆ. ನಾನು ಕೇಳದೆಯೇ ಸುಮತಿ ಹೇಳಿದಳು: "ಚೆನ್ನಾಗಿ ಸಿಗುತ್ತೆ ಮೇಡಂ, ಸ್ವಲ್ಪ ನಿಧಾನ. ಮೊನ್ನೆ ಬಾಳೆಲೆಯವರೊಬ್ಬರು ಬಂದಿದ್ರು, ಇದರಲ್ಲಿ ನೋಡಿ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಭಾನುವಾರ ಒಂದ್ಸಲ ನಿಂತುಹೋಗಿತ್ತು. ಇಲ್ಲಿರೋ ನಂಬರಿಗೆ ಮಾಡಿದೆ. ಸಾರ್ ಆಟೋದಲ್ಲಿ ರಂಜನಿಯವರನ್ನ ಕರ್ಕೊಂಡು ಬಂದ್ರು."

ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಆಸ್ಪತ್ರೆಯ ಯಂತ್ರಗಳಿಗೆಲ್ಲ ಅಂಟಿಸುವ ಅಚ್ಚಾದ ನಮೂನೆ. 'ಕೆಟ್ಟಲ್ಲಿ ಸಂಪರ್ಕಿಸಬೇಕಾದವರು' ಎಂಬಲ್ಲಿ ಕಂಪನಿಯ ಹೆಸರು ಬರೆಯುವುದು ರೂಢಿ. ಅಲ್ಲಿ 'ಕೆ. ಸುಶಮೀಂದ್ರ' ಎಂದಿತ್ತು. ಪಕ್ಕದಲ್ಲಿ ಎಂಟು ಅಂಕಿ. ಕನ್ನಡಕ ಹಾಕಿಕೊಳ್ಳದೆಯೂ ಗೊತ್ತಾಯಿತು, ಅದು ಅವನ ಮನೆಯ ನಂಬರು. ಪ್ರತಿ ಹಬ್ಬಕ್ಕೂ ನಾನು ತಿರುಗಿಸುವ ನಂಬರು.

ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಅದರ ಮೇಲೆಯೇ ಪೆನ್ನು ಆಡಿಸಿದ್ದ.