ಅರ್ಜಿ ಹಾಕುವ ತಿಂಗಳು

ನನ್ನ ಯಜಮಾನರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರಲ್ಲಿ ಓದು ಬಲ್ಲವರೆಲ್ಲ ಒಂದೇ ಮಾತು ಕೇಳಿದರು. ಪರೀಕ್ಷೆ ಪಾಸಾಗಿತ್ತಲ್ಲ, ಆಡಿಟರ್ ಸರ್ಟಿಫಿಕೇಟಿಗೆ ಯಾಕೆ ಆಗಲೇ ಅರ್ಜಿ ಹಾಕಲಿಲ್ಲ? ಸಂಸೆಯ ಆಚೆಯ ಆ ಕಾಫಿ ಎಸ್ಟೇಟಿನಲ್ಲಿ ಒಂದು ವರ್ಷ ಇದ್ದವರು ಯಾರೂ ಹಾಗೆ ಕೇಳುವುದಿಲ್ಲ.

ಮದುವೆಗೆ ಮುಂಚೆ ಅವರು ಮಂಗಳೂರಿನಲ್ಲಿ ಒಬ್ಬ ವಯಸ್ಸಾದ ಆಡಿಟರ ಕೈಕೆಳಗೆ ಕೆಲಸ ಕಲಿತು ಪರೀಕ್ಷೆ ಮುಗಿಸಿದ್ದರು. ಸರ್ಕಾರದ ಸರ್ಟಿಫಿಕೇಟು ಒಂದು ಬಂದರೆ ಸ್ವಂತವಾಗಿ ಲೆಕ್ಕ ತನಿಖೆ ಮಾಡಿ ಸಹಿ ಹಾಕಬಹುದಿತ್ತು. ಅಷ್ಟರಲ್ಲಿ ಮಾವನವರು ಹಾಸಿಗೆ ಹಿಡಿದರು, ತಕ್ಷಣ ಸಂಬಳ ಬೇಕಾಯಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸವೂ ಇರಲು ಮನೆಯೂ ಸಿಕ್ಕಿತು. ಒಂದು ಬೆಳೆ ಮುಗಿಸಿ ಹೋಗೋಣ ಎಂದು ಬಂದವರು ನಾವು.

ಅರ್ಜಿಯ ಜೊತೆಗೆ, ಕೆಲಸಕ್ಕಿರುವ ಕಡೆಯಿಂದ ನಡತೆ ಒಳ್ಳೆಯದೆಂದು ಪತ್ರ ಇಡಬೇಕಿತ್ತು. ತೊಡಕು ಇದ್ದದ್ದು ಅಲ್ಲೇ; ಪತ್ರ ಕೇಳುವುದೆಂದರೆ ಕೆಲಸ ಬಿಡುತ್ತೇನೆಂದು ಹೇಳಿದಂತೆ. ತೊಳೆದು ಒಣಗಿಸಿದ ಕಾಫಿಯನ್ನು ಹೊಟ್ಟಿನ ಸಮೇತ, ಪಾರ್ಚ್‌ಮೆಂಟ್ ಆಗಿಯೇ, ಚೀಲ ತುಂಬಿ ಘಟ್ಟದ ಕೆಳಗೆ ಕಳಿಸುತ್ತಿದ್ದರು. ಅಲ್ಲಿ ಹೊಟ್ಟು ತೆಗೆದ ಮೇಲೆ ಬೀಜ ಎಷ್ಟು ತೂಗಿತೆಂಬ ವರದಿ ಮಳೆ ಹಿಂದಾಗುವ ಹೊತ್ತಿಗೆ ಬರುತ್ತಿತ್ತು. ಅದು ಬರುವ ಮೊದಲೇ ಕೆಲಸ ಬಿಡುತ್ತೇನೆಂದ ರೈಟರ್ ಮೇಲೆ, ತೂಕ ಕಡಿಮೆ ಬಂದರೆ, ಕಳ್ಳತನದ ಮಾತು ಬೀಳುತ್ತಿತ್ತು. ವರದಿ ಬಂದು ಸ್ವಲ್ಪ ತಡೆದರೆ ಹಣ್ಣು ಕೆಂಪಾಗಿ ಕೊಯ್ಲು ಶುರು. ಕೊಯ್ಲಿನಲ್ಲಿ ರೈಟರನ್ನು ಬಿಡುವ ಬಿಳಿ ದೊರೆ ಯಾವ ಎಸ್ಟೇಟಿನಲ್ಲೂ ಇಲ್ಲ. ನಡುವೆ ಸಿಕ್ಕುವುದು ಕೆಲವೇ ವಾರ.

ಮೊದಲ ವರ್ಷ ವರದಿಯೇ ತಡವಾಗಿ ಬಂತು. ಎರಡನೆಯ ವರ್ಷ ನಮ್ಮ ದೊರೆ ರಜೆಯ ಮೇಲೆ ತಮ್ಮ ಸೀಮೆಗೆ ಹೋಗಿದ್ದರು, ಪತ್ರ ಕೊಡುವವರಿರಲಿಲ್ಲ. ಮೂರನೆಯ ವರ್ಷ ಚಳಿಜ್ವರದಲ್ಲಿ ನಮ್ಮ ಮಗು ಹೋಯಿತು. ಆ ವರ್ಷ ಯಾರೂ ಅರ್ಜಿಯ ಮಾತೆತ್ತಲಿಲ್ಲ.

ನಾಲ್ಕನೆಯ ವರ್ಷ ಬೇಸಿಗೆಯಲ್ಲಿ ನನ್ನ ಅಣ್ಣ ಬಂದಿದ್ದ. ಇವರಿಗೂ ಜ್ವರ ಬಂದು ಬಂದು ಹೊಟ್ಟೆಯಲ್ಲಿ ಜ್ವರಗಡ್ಡೆ ಕೈಗೆ ಸಿಕ್ಕುತ್ತಿತ್ತು.

"ಭಾವ, ನೀವು ಬಂದ ವರ್ಷ ನೆಟ್ಟ ಕಾಫಿ ಗಿಡ ಫಸಲು ಬಿಡ್ತಾ ಇದೆ. ನಿಮ್ಮ ಅರ್ಜಿ ಇನ್ನೂ ಮೊಳಕೆನೂ ಒಡೀಲಿಲ್ಲ ಮಾರಾಯ್ರೆ," ಎಂದ ಅಣ್ಣ.

"ಗಿಡಕ್ಕೆ ನಡತೆ ಪತ್ರ ಬೇಡ ಮಾರಾಯ."

"ಪತ್ರ ಹಾಳಾಗ್ಲಿ. ಕಣ್ಣು ಅರಿಶಿನ ಆಗಿದೆ, ಕನ್ನಡೀಲಿ ನೋಡ್ಕಂಡಿದೀರಾ? ಈಗ್ಲೇ ಬಿಟ್ಟು ಹೊರಡಿ. ನಮ್ಮನೇಲಿ ಇರಿ."

"ತೂಕ ಕಡಿಮೆ ಬಂದು, ರೈಟ್ರು ಓಡಿಹೋದ ಅಂದ್ರೆ? ಕಳ್ಳ ಅನ್ನಿಸ್ಕೊಂಡವನಿಗೆ ಬೇರೆಯವರ ಲೆಕ್ಕ ನೋಡೋ ಸರ್ಟಿಫಿಕೇಟು ಯಾರು ಕೊಡ್ತಾರೆ ಹೇಳು. ಇದೊಂದು ಮಳೆಗಾಲ ತಡ್ಕೊ."

ಅಣ್ಣ ನನ್ನ ಮುಖ ನೋಡಿದ. ನನಗೆ ಇಬ್ಬರ ಮಾತೂ ಸರಿಯೆನ್ನಿಸಿತ್ತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಆ ವರ್ಷ ವರದಿ ಶ್ರಾವಣದಲ್ಲೇ ಬಂತು. ಆಳುಗಳ ಮೇಸ್ತ್ರಿ ಮಳೆಗೆ ಹೊದೆಯುವ ಗೊರಬಿನಲ್ಲೇ ಅಂಗಳಕ್ಕೆ ಓಡಿಬಂದ.

"ರೈಟ್ರಮ್ಮಾ, ತೂಕ ಸರೀ ಬಂದೈತಂತೆ! ಇನ್ನು ನಮ್ಮ ರೈಟ್ರುನ್ನ ಯಾರೂ ಹಿಡ್ಯಂಗಿಲ್ಲ. ಮಂಗ್ಳೂರಿಗೆ ಹೋದ್ಮೇಲೆ ನಂಗೊಂದು ಮೂಟೆ ಒಣಮೀನು ಕಳ್ಸಕ್ಕೆ ಹೇಳಿ."

"ಅದನ್ನ ನಮ್ಮ ಕೈಲಿ ಮುಟ್ಟಿಸ್ತೀಯಲ್ಲೋ!" ಎಂದೆ.

"ನೀವು ಮುಟ್ಬೇಡಿ, ದಾರಿ ತೋರ್ಸಿದ್ರೆ ಅದೇ ನಡ್ಕಂಡು ಬತ್ತದೆ," ಎಂದು ನಗುತ್ತ ಹೋದ.

ದೊರೆ ಮಾರನೆಯ ದಿನವೇ ಪತ್ರ ಕೊಟ್ಟರು. ಮಂಗಳೂರಿನ ಆಡಿಟರು ತಮ್ಮ ಕಚೇರಿಯಲ್ಲೇ ಒಂದು ಕೋಣೆ ಬಿಟ್ಟುಕೊಡುತ್ತೇನೆಂದು ಮೊದಲೇ ತಿಳಿಸಿದ್ದರು. ಇವರು ಸಂಜೆ ಜಗಲಿಯಲ್ಲಿ ಕುಳಿತು ಅರ್ಜಿ ಬರೆದರು. ಬರೆಯುತ್ತಿದ್ದಂತೆ ಚಳಿ ಹತ್ತಿತು. ಕಂಬಳಿ ತಂದು ಹೊದಿಸಿದೆ. ಕೆಳಗೆ ಸಹಿ ಹಾಕಿ, ಅದನ್ನೇ ನೋಡಿ, ಹಾಳೆಯನ್ನು ಹರಿದರು.

"ಯಾಕ್ರೀ?"

"ಸಹಿ ನಡುಗಿದೆ. ಕುಡ್ದು ಬರ್ದಿದಾನೆ ಅಂತಾರೆ. ಈ ಕೆಲಸದಲ್ಲಿ ಸಹಿ ಬಿಟ್ಟರೆ ಇನ್ನೇನಿದೆಯೇ? ಚಳಿ ಬಿಡ್ಲಿ, ನಾಳೆ ನಾಡಿದ್ದರಲ್ಲಿ ಬರೀತೀನಿ."

"ಹೆಂಗಿದ್ರೂ ಕಳಿಸಿಬಿಡಿ" ಎಂದು ನಾನು ಹೇಳಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು.

ಚಳಿ ಬಿಡಲಿಲ್ಲ. ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ಎಸ್ಟೇಟಿನ ಕಂಪೌಂಡರು ಅದನ್ನು ನೋಡಿ, ಇವರನ್ನು ಕಳಸದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಲು ಆಳುಗಳನ್ನು ಕರೆಸಿದರು. ಮಂಚಕ್ಕೆ ಬೊಂಬು ಕಟ್ಟಿ ಹೊರಟರು. ಹೊಳೆ ದಾಟುವ ಮೊದಲೇ ಮಂಚವನ್ನು ತಿರುಗಿಸಿಕೊಂಡು ಬಂದರು. ಮಳೆಯಲ್ಲಿ ಚಿತೆಯ ಸೌದೆ ಹತ್ತದೆ ಕಾಫಿ ಒಣಗಿಸುವ ಯಾರ್ಡಿನ ಶೆಡ್ಡಿನಿಂದ ಹಳೆಯ ಹಲಗೆ ತಂದರಂತೆ. ಅದನ್ನು ನಾನು ಆಮೇಲೆ ಕೇಳಿ ತಿಳಿದದ್ದು.

ಕೊಯ್ಲಿಗೆ ಹೊಸ ರೈಟರ್ ಬರುವುದಿತ್ತು, ಮನೆ ಬಿಡಬೇಕಾಗಿತ್ತು. ಅಣ್ಣ ಬಂದು ಪಾತ್ರೆಗಳನ್ನು ಕಟ್ಟುತ್ತಿದ್ದಾಗ ಆಡಿಟರಿಂದ ಕಾರ್ಡು ಬಂತು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಅರ್ಜಿ ಯಾವಾಗ ಹಾಕಿದಿರಿ, ಯಾವತ್ತು ಬರುತ್ತೀರಿ ಎಂದು ಕೇಳಿದ್ದರು.

"ಇತ್ಲಾಗೆ ಕೊಡು, ನಾನು ಬರೀತೀನಿ," ಎಂದ ಅಣ್ಣ.

ನಾನೇ ಬರೆಯುತ್ತೇನೆಂದೆ. ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಪರಿಚಯವಿಲ್ಲದ ಗಂಡಸರಿಗೆ ಎಂದೂ ಕಾಗದ ಬರೆದವಳಲ್ಲ. ಬಹಳ ಹೊತ್ತು ಕುಳಿತು, ಅರ್ಜಿ ಹಾಕಲಿಲ್ಲ, ಕೋಣೆಯನ್ನು ಬೇರೆಯವರಿಗೆ ಕೊಡಬಹುದು ಎಂದು ಬರೆದೆ. ಅದಕ್ಕೆ ಕಾರಣವನ್ನು ಅಣ್ಣ ಕೆಳಗೆ ಬರೆದ.